ತಟ್ಟೆಯ ಮೇಲೆ ಹೆಸರು ಬರೆಯದ ಆಗ್ನಿಯಾ ಪ್ರೊಖೊರೊವ್ನಾ

ನಮ್ಮ ಪೀಟರ್ಸ್‌ಬರ್ಗಿನ ಚಿತ್ರರಂಗದಲ್ಲಿ ನಲವತ್ತೊಂದು ವರ್ಷ ಸಂಕಲನದ ಮೇಜಿನ ಮುಂದೆ ಕೂತು, ಎಷ್ಟೋ ನಿರ್ದೇಶಕರ ಮಾನ ಕಾಪಾಡಿ, ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಆಗ್ನಿಯಾ ಪ್ರೊಖೊರೊವ್ನಾ ಅವರನ್ನು ಕುರಿತು ಬರೆಯುವ ಭಾಗ್ಯ ನನ್ನದಾಗಿದೆ. ಅವರ ಶಿಷ್ಯರು ಮೂವತ್ತೇ ಪ್ರತಿಗಳಲ್ಲಿ ತರುತ್ತಿರುವ ಈ ಸಂಪುಟದಲ್ಲಿ ಸುಳ್ಳು ಹೇಳುವ ಅಗತ್ಯವಿಲ್ಲವಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು.

ನಾನು ನಿರ್ದೇಶಿಸಿದ ಮೊದಲ ಮೂರು ಚಿತ್ರಗಳನ್ನು ಜನ ನೋಡುವಂತೆ ಮಾಡಿದವರು ಅವರೇ. ನಾನು ಜ್ವರದಿಂದ ಮಲಗಿದ್ದಾಗ ಕೋಸಿನ ಕಡುಬು ಹಿಡಿದು ಮನೆಗೇ ಬಂದು, ಹಾಸಿಗೆಯ ಪಕ್ಕ ಕೂತು, ಒಂದೊಂದೇ ದೃಶ್ಯವನ್ನು ತಿದ್ದಿಕೊಟ್ಟರು. ಹೊಗಳಿಕೆಯೆಲ್ಲ ನನಗೆ ಬಂತು, ನಿಜ; ಆದರೆ ಸಿನಿಮಾ ಕಲಿಯುವ ವಿದ್ಯಾರ್ಥಿಗಳು ಹುಡುಕಿಕೊಂಡು ಹೋಗುತ್ತಿದ್ದದ್ದು ಅವರ ಕೋಣೆಗೆ. ನನ್ನ ಉರಿ ಶುರುವಾದದ್ದು ಅಲ್ಲಿಂದ.

ನಾಲ್ಕನೆಯದು ಸರ್ಕಾರದ ಹಣದ ಯುದ್ಧಚಿತ್ರ. ಗಡಿಯಾಚೆಯ ಹಳ್ಳಿಯೊಂದರ ಜನ ನಮ್ಮ ಸೈನಿಕರನ್ನು ಹೂ ಕೊಟ್ಟು ಸ್ವಾಗತಿಸುವ ಕೊನೆಯ ದೃಶ್ಯ ಮೇಲಿನವರ ಅಪ್ಪಣೆಯಂತೆ ಸೇರಿದ್ದು. ಚಿತ್ರೀಕರಣದ ಮೊದಲ ದಿನ ಎಲ್ಲರೂ ಒಂದು ತಟ್ಟೆಯ ಮೇಲೆ ಹೆಸರು ಬರೆದು, ಅದನ್ನು ಕ್ಯಾಮೆರಾದ ಕಾಲಿಗೆ ಬಡಿದು ಒಡೆದು, ಚಿತ್ರಕ್ಕೆ ಶುಭವಾಗಲೆಂದು ಚೂರುಗಳನ್ನು ಹಂಚಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಆಗ್ನಿಯಾ ಅವರು ತಟ್ಟೆಯನ್ನು ಕೈಗೆ ತೆಗೆದುಕೊಂಡು ಹಾಗೇ ಪಕ್ಕದವನಿಗೆ ದಾಟಿಸಿದರು.

"ಯಾಕೆ, ಪೆನ್ನು ಬರೀತಿಲ್ವಾ?" ಎಂದೆ.

"ಪೆನ್ನು ಬರಿಯುತ್ತೆ ರೋದ್ಯಾ. ಆ ಹಳ್ಳಿ ನಮ್ಮಮ್ಮನ ತವರು. ಅಲ್ಲಿ ಯಾರೂ ಹೂ ಹಿಡ್ಕೊಂಡು ನಿಂತಿಲ್ಲ ಕಣೋ," ಎಂದವರು ಕೋಟು ಹಾಕಿಕೊಂಡು ಹೊರಟೇಬಿಟ್ಟರು; ಆ ಚಿತ್ರದ ಕೆಲಸಕ್ಕೆ ಮತ್ತೆ ಬರಲಿಲ್ಲ.

ಚಿತ್ರ ಗೆದ್ದಿತು. ಶಾಲೆಗಳಿಂದ ಮಕ್ಕಳನ್ನು ತರಗತಿಗಟ್ಟಲೆ ಕರೆತಂದು ಕೂರಿಸಿದರು. ತಮ್ಮ ಶಾಲೆಯ ಇಬ್ಬರು ಅದನ್ನು ನೋಡಿಯೇ ಮುಂದೆ ಸೈನ್ಯಕ್ಕೆ ಸೇರಿದರೆಂದು ಶಿಕ್ಷಕಿಯೊಬ್ಬರು ಹೆಮ್ಮೆಯಿಂದ ನನಗೆ ಪತ್ರ ಬರೆದರು. ನನಗೆ ಪದಕವೂ ಬಂತು. ಅಷ್ಟರಲ್ಲಿ ಆಗ್ನಿಯಾ ಅವರು ಅದೇ ಹಳ್ಳಿಯ ಮುದುಕಿಯರ ಮಾತುಗಳನ್ನು ಜೋಡಿಸಿ ಐವತ್ತು ನಿಮಿಷದ ಚಿತ್ರ ಮಾಡಿ, ತಮ್ಮ ಅಡುಗೆಮನೆಯಲ್ಲಿ ಹನ್ನೆರಡು ಜನಕ್ಕೆ ತೋರಿಸಿದರು. ನಾನೂ ಇದ್ದೆ. ಮುಗಿದ ಮೇಲೆ ಯಾರೂ ಏಳಲಿಲ್ಲ, ಚಹಾ ಆರಿಹೋಯಿತು. ಅಂಥ ಮೌನ ನನ್ನ ಯಾವ ಚಿತ್ರಕ್ಕೂ ಸಿಕ್ಕಿರಲಿಲ್ಲ.

ಅವರು ಪ್ರದರ್ಶನದ ಪರವಾನಗಿ ಕೇಳಿದಾಗ ಕಡತ ಅಭಿಪ್ರಾಯಕ್ಕೆಂದು, ಪದಕ ಬಂದ ಮೇಲೆ ಪರಿಶೀಲನಾ ಸಮಿತಿಗೆ ಸೇರಿದ್ದ ನನ್ನ ಬಳಿಗೇ ಬಂತು. ಈ ಕಾಲಕ್ಕೆ ಹೊಂದುವ ಚಿತ್ರವಲ್ಲವೆಂದು ಬರೆದು ಸಹಿ ಹಾಕಿದೆ; ಸಹಿ ಯಾರದೆಂದು ಅರ್ಜಿ ಹಾಕಿದವರಿಗೆ ತಿಳಿಸುವ ಪದ್ಧತಿಯಿಲ್ಲ. ಭಯದಿಂದ ಬರೆದೆನೆಂದು ಹೇಳಿಕೊಂಡರೆ ನಂಬುವವರಿದ್ದಾರೆ. ಅಲ್ಲ, ಹೊಟ್ಟೆಕಿಚ್ಚಿನಿಂದ ಬರೆದೆ. ಚಿತ್ರ ಇವತ್ತಿಗೂ ಪೆಟ್ಟಿಗೆಯಲ್ಲಿದೆ.

ಈ ಲೇಖನಕ್ಕೆ ನನ್ನ ಹೆಸರು ಸೂಚಿಸಿದವರು ಸ್ವತಃ ಅವರೇ ಎಂದು ತಿಳಿದಾಗ ತಡೆಯಲಾರದೆ ಫೋನ್ ಮಾಡಿ, ಆ ಅಭಿಪ್ರಾಯ ಬರೆದವರು ಯಾರೆಂದು ಗೊತ್ತೇ ಎಂದು ಕೇಳಿದೆ.

"ನಿನ್ನ ಮೂರು ಸಿನಿಮಾ ಕತ್ತರಿಸಿದವಳು ನಾನು. ನಿನ್ನ ಕೈ ನನಗೆ ಗೊತ್ತಾಗಲ್ವಾ?" ಎಂದರು. "ಆ ಸಿನಿಮಾಗೆ ಎಷ್ಟು ಬಲ ಇದೆ ಅಂತ ನಿನ್ನಷ್ಟು ಚೆನ್ನಾಗಿ ಇನ್ಯಾರಿಗೂ ಅರ್ಥ ಆಗಿಲ್ಲ. ಕೂತ್ಕೊಂಡು ಬರಿ."

ಮಾನ್ಯ ಆಗ್ನಿಯಾ ಪ್ರೊಖೊರೊವ್ನಾ ಅವರ ಕಣ್ಣು ಮಂಜಾಗದಿರಲಿ, ಕೆಲಸ ನಿಲ್ಲದಿರಲಿ. ಆ ಸಹಿಯನ್ನು ಹಿಂತೆಗೆದುಕೊಳ್ಳುವ ಧೈರ್ಯ ನನಗೆ ಬರುವವರೆಗಾದರೂ ಅವರು ಬದುಕಿರಬೇಕು. ನನ್ನ ಧೈರ್ಯ ಎಷ್ಟೆಂದು ಬಲ್ಲವರಿಗೆ ಗೊತ್ತು, ಇದಕ್ಕಿಂತ ದೀರ್ಘವಾದ ಆಯುಷ್ಯವನ್ನು ನಾನು ಹಾರೈಸಲಾರೆ.