ಹಸಿ ಕೋಸು

ತಳಿ ಎಂಬ ಊರಿನ ಕಡೆಯ ಚಿಕ್ಕಮುನಿಯಪ್ಪ ಬುದ್ಧಿ ಬಂದಾಗಿನಿಂದ ಎಲೆಕೋಸು ಬೆಳೆದವರು. ಅದನ್ನು ಹಸಿಯಾಗಿ ತಿನ್ನಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ನಂಬುತ್ತಿರಲಿಲ್ಲ. ಅವರ ಮನೆಯಲ್ಲಿ ಹಸಿ ಎಲೆ ತಿನ್ನುತ್ತಿದ್ದದ್ದು ಹಸು ಮಾತ್ರ.

ಸೊಸೆ ಕಲ್ಪನಾ ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಬಂದ ಜಪಾನಿನವರಿಗೆಂದು ಕ್ಯಾಂಟೀನಿನಲ್ಲಿ ಮಾಡಿದ್ದ ಸಲಾಡ್ ಅವಳಿಗೆ ಹಿಡಿಸಿಬಿಟ್ಟಿತ್ತು. ಒಂದು ಭಾನುವಾರ ಮಾವನ ಹೊಲದ ಕೋಸನ್ನೇ ನೂಲಿನಂತೆ ಹೆಚ್ಚಿ, ಕ್ಯಾರೆಟ್, ಹುರಿದ ಎಳ್ಳು, ಕಡಲೆಕಾಯಿ ಬೀಜ ಸೇರಿಸಿ, ಸೋಯಾ ಸಾಸ್, ನಿಂಬೆರಸ, ಚೂರು ಬೆಲ್ಲ ಹಾಕಿ ಕಲಸಿ ಬಡಿಸಿದಳು.

ಚಿಕ್ಕಮುನಿಯಪ್ಪ ತಟ್ಟೆ ನೋಡಿದರು. ಎದ್ದು ಅಡುಗೆಮನೆಗೆ ಹೋಗಿ ಸಿಲಿಂಡರ್ ಅಲ್ಲಾಡಿಸಿ ಬಂದರು.

“ಗ್ಯಾಸ್ ಐತಲ್ಲಮ್ಮ?”

“ಐತೆ ಮಾವ. ಇದನ್ನ ಬೇಯ್ಸಂಗಿಲ್ಲ, ಹಿಂಗೇ ತಿನ್ನೋದು.”

“ಯಾರು ತಿಂತಾರೆ?”

“ಜಪಾನಿನೋರು.”

“ಅವ್ರ ಮನೇಲಿ ಒಲೆ ಇಲ್ವಾ?”

ಕಲ್ಪನಾ ತನ್ನ ಪಾಲನ್ನು ಕರಕರನೆ ಅಗಿಯತೊಡಗಿದಳು. ಆ ಸದ್ದು ಕೇಳುತ್ತಾ ಸುಮ್ಮನೆ ಕೂರಲಾಗದೆ ಅವರೂ ಒಂದು ತುತ್ತು ಬಾಯಿಗಿಟ್ಟರು. ಹುಳಿ, ಉಪ್ಪು, ಬೆಲ್ಲದ ಹಿಂದೆ ಕೋಸಿನದೇ ಒಂದು ಸಣ್ಣ ಸಿಹಿ ಇತ್ತು. ಸಾರಿನಲ್ಲಿ, ಪಲ್ಯದಲ್ಲಿ ಅದು ಎಂದೂ ಸಿಕ್ಕಿರಲಿಲ್ಲ. ತಟ್ಟೆ ಖಾಲಿ ಮಾಡಿದರು.

ಮರುದಿನ ಹೊಲದಲ್ಲಿ ಕೋಸು ಕೊಯ್ಯುತ್ತಾ, ಒಂದರ ಒಳಗಿನ ಎಲೆ ಕಿತ್ತು ಅಗಿಯುತ್ತಾ ನಿಂತಿದ್ದರು. ಕೋಸು ಒಯ್ಯಲು ಟೆಂಪೋ ತಂದಿದ್ದ ಲಕ್ಷ್ಮೀಪತಿ ಕೆಳಗಿಳಿದು ನೋಡಿದ.

“ಏನಣ್ಣ, ಹಸೀದೇ ತಿಂತಾ ಇದ್ದೀಯ?”

“ನಾನು ಬೆಳ್ದಿರೋದು ಹೆಂಗೈತೆ ಅಂತ ನೋಡ್ತಾ ಇವ್ನಿ ಕಣ್ಲಾ,” ಎಂದು ಅವರು ಇನ್ನೊಂದು ಎಲೆ ಕಿತ್ತರು. “ಚೆನ್ನಾಗೇ ಐತೆ.”