ಶೇಂಗಾ ಇಲ್ಲದ ಅಡುಗೆಮನೆ

“ಒಂದು ಚಮಚ ಶೇಂಗಾ ಚಟ್ನಿಗೆ ಏನಾಗ್ತೈತೆ ಅಂತೀರೇನ್ರೀ? ನಮ್ಮ ನೀಲಾಗೆ ಗಂಟಲು ಕಟ್ಟತೈತೆ. ಅವಳಿಗೆ ಮೊದಲೇ ಮಾತು ಬರಲ್ಲ, ಹೇಳಾಕೆ ಆಗಲ್ಲ. ನಮ್ಮ ಬುತ್ತಿ ನಾವು ತಂದೀವಿ, ನಿಮ್ಮ ಸೌಟು ಅತ್ತಾಗೆ ಹಿಡೀರಿ!” ಸಂತೇಬೆನ್ನೂರಿನ ಯಾವ ಮದುವೆಯ ಪಂಕ್ತಿಯಲ್ಲೂ ಶಂಕ್ರಮ್ಮನದು ಇದೇ ಮಾತು. ಯಾರ ಮುಖವನ್ನೂ ನೋಡದ, ತನ್ನ ನೀಲಿ ಅಂಚಿನ ತಟ್ಟೆಯಲ್ಲಲ್ಲದೆ ಉಣ್ಣದ ಮಗಳಿಗೆ ಸೆರಗಿನ ಮರೆ ಮಾಡಿ ಕೂರುತ್ತಾಳೆ. ಪಕ್ಕದ ಮನೆಯಲ್ಲಿ ಶೇಂಗಾ ಹುರಿದರೆ ಇವಳ ಕಿಟಕಿ ಮುಚ್ಚುತ್ತದೆ. ಗಾಳಿಯನ್ನೂ ಜರಡಿ ಹಿಡಿಯುತ್ತಾಳೆಂದು ಓಣಿಯವರು ನಗುತ್ತಾರೆ. ಎರಡು ವರ್ಷದ ಹಿಂದೆ, ಇದೇನೂ ತಿಳಿಯದ ಒಂದು ಪಂಚಮಿಯಲ್ಲಿ, ನಾಗಪ್ಪನಿಗೆ ಎಡೆ ಇಟ್ಟದ್ದನ್ನು ಬೇಡವೆನ್ನಬಾರದೆಂದು, ಮೂರು ಸಲ ತಳ್ಳಿದ ನೀಲಾಳ ಕೈ ಹಿಡಿದು ಬಾಯಿಗೆ ಶೇಂಗಾ ಉಂಡೆ ತುರುಕಿದವಳು ಶಂಕ್ರಮ್ಮನೇ. ಮಗು ಉಳಿದದ್ದೇ ಹೆಚ್ಚು. ತಳ್ಳುವುದೇ ಅವಳ ಮಾತೆಂದು ಅವತ್ತು ತಿಳಿಯಿತು. ಈಗ ಪ್ರತಿ ತುತ್ತನ್ನೂ ಮುಂದೆ ಹಿಡಿದು, ಆ ಪುಟ್ಟ ಕೈ ಏನನ್ನುತ್ತದೋ ಎಂದು ಕಾಯುತ್ತಾಳೆ. ಉಂಡಾದ ಮೇಲೆ ನೀಲಿ ಅಂಚಿನ ತಟ್ಟೆಯನ್ನು ಬೂದಿ ಹಚ್ಚಿ ತಿಕ್ಕುತ್ತಾಳೆ.