ಎಲ್ಲ ಅಕ್ಕಂದಿರೂ ಒಂದೇ ಚುಕ್ಕಿ

ಈ ಭಾನುವಾರ ಹಾಲು ಕಾಸಿದೆ, ಬಥುವಾ ಸೊಪ್ಪು ಸೋಸಿದೆ, ರಜಾಯಿಗಳನ್ನು ಬಾಲ್ಕನಿಯ ಬಿಸಿಲಿಗೆ ಹಾಕಿದೆ, ಮಗಳಿಗೆ ನನ್ನ ದಿನಚರಿಯ ಕೊನೆಯ ಪುಟಗಳನ್ನು ಓದಿ ಹೇಳಿದೆ.

ದಿಲ್ಲಿಯ ಪೀತಮ್‌ಪುರಕ್ಕೆ ಬಂದಾಗಿನಿಂದ ಯಾರು ಬಂದರು, ಯಾರು ಯಾರಿಗೆ ಫೋನ್ ಮಾಡಿದರು ಎಂದು ಬರೆದಿಡುವುದು ನನ್ನ ಅಭ್ಯಾಸ. ಕಾಲೇಜಿನ ಪ್ರಾಜೆಕ್ಟಿಗೆಂದು ಮಗಳು ಎರಡು ವರ್ಷದ್ದನ್ನು ಎರಡು ಕಾಲಮ್ಮುಗಳಲ್ಲಿ ಟೈಪು ಮಾಡಿದ್ದಳು: ಯಾರಿಂದ, ಯಾರಿಗೆ. ಆ ಸಾಲುಗಳನ್ನೆಲ್ಲ ಒಟ್ಟಿಗೆ ಕಂಪ್ಯೂಟರಿಗೆ ತುಂಬಿದರೆ ಒಬ್ಬೊಬ್ಬರೂ ಒಂದು ಚುಕ್ಕಿ, ಅವರ ನಡುವಿನ ಮಾತು ಒಂದು ಗೆರೆ. ಹೆಚ್ಚು ಮಾತಾಡಿದವರು ಹತ್ತಿರ ಬಂದು ಒಂದೇ ಬಣ್ಣದ ಗುಂಪಾಗುತ್ತಾರೆ. ಚುಕ್ಕಿಗಳು ತೇಲಿ, ತಡವರಿಸಿ, ತಮ್ಮ ಜಾಗ ಹುಡುಕಿಕೊಳ್ಳುವುದನ್ನು ಸೊಪ್ಪಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡೇ ನೋಡುತ್ತ ಕೂತೆ.

ನಡುವೆ ಕುಂಬಳಕಾಯಿಯಂಥ ಚುಕ್ಕಿಯೊಂದು ನಿಂತಿತು.

"ಅಮ್ಮ, ಯೇ ಕೌನ್ ಹೈ? ಎಲ್ಲಾರೂ ಇವ್ರಿಗೇ ಲಿಂಕ್ ಆಗಿದಾರೆ."

ಬಗ್ಗಿ ಓದಿದೆ: ಅಕ್ಕ.

ನಗು ಬಂತು. ನಮ್ಮವರಲ್ಲಿ ಹೆಸರು ಹಿಡಿದು ಕರೆಯುವವರು ಯಾರು? ಮೇಲಿನ ಮನೆಯವರು, ಸರೋಜಿನಿ ನಗರದವರು, ಕೊಡಗಿನ ಸುಬೇದಾರರ ಹೆಂಡತಿ, ಗುರುಗ್ರಾಮದಲ್ಲಿರುವ ನನ್ನ ಒಡಹುಟ್ಟಿದವಳು, ದಿನಚರಿಯಲ್ಲಿ ಎಲ್ಲರೂ ಬರೀ ಅಕ್ಕ. ಕಂಪ್ಯೂಟರು ಅವರನ್ನೆಲ್ಲ ಒಬ್ಬಳೇ ಎಂದುಕೊಂಡಿತ್ತು.

ಮಗಳು ಕೇಳಿ ಕೇಳಿ ಒಬ್ಬೊಬ್ಬ ಅಕ್ಕನಿಗೂ ಒಂದು ನಂಬರು ಕೊಟ್ಟಳು. ಒಡಹುಟ್ಟಿದವಳಿಗೆ ಒಂದನೇ ನಂಬರು. ಮತ್ತೆ ತುಂಬಿದಾಗ ಕುಂಬಳಕಾಯಿ ಮೆಲ್ಲಗೆ ಬಿಚ್ಚಿಕೊಂಡು ಅಕ್ಕಂದಿರು ತಂತಮ್ಮ ಗುಂಪಿಗೆ ಹೋದರು. ಒಂದನೇ ನಂಬರು ಮಾತ್ರ ಅಂಚಿಗೆ ಜಾರಿತು. ಅದಕ್ಕಿದ್ದದ್ದು ಒಂದೇ ಗೆರೆ, ಎರಡು ವರ್ಷದ ಹಿಂದೆ ತನ್ನ ಮನೆಯ ಗೃಹಪ್ರವೇಶಕ್ಕೆ ಕರೆಯಲು ಅವಳು ಮಾಡಿದ ಫೋನು. ನಾನು ಹೋಗಿರಲಿಲ್ಲ. ಯಾಕೆಂದು ಹೇಳಲೂ ಇಲ್ಲ. ಮೊದಲು ಸೋಮಾರಿತನ, ಆಮೇಲೆ ನಾಚಿಕೆ.

"ಇದನ್ನ ಡಿಲೀಟ್ ಮಾಡ್ಲಾ? ಚಿತ್ರ ಸಾಫ್ ಕಾಣತ್ತೆ."

"ತೆಗೀಬೇಡ. ಅದು ನಿನ್ನ ದೊಡ್ಡಮ್ಮ."

ಅಡುಗೆಮನೆಗೆ ಹೋಗಿ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು. ಕೊನೆಗೆ ಎತ್ತಿದಳು.

"ಯಾರು?" ಎಂದಳು, ಗೊತ್ತಿಲ್ಲದವಳ ಹಾಗೆ.

"ನಾನು, ಅಕ್ಕ. ಅವತ್ತು ಬರ್ಬೇಕಿತ್ತು. ತಪ್ಪಾಯ್ತು."

ಅವಳು ಕೇಳಿದ್ದು ಇಷ್ಟು: "ಏನು ಸಾರು?"

"ಬಥುವಾ ಸೊಪ್ಪಿಂದು."

"ನಿನ್ನ ಸಾರಿಗೆ ಈಗಲಾದ್ರೂ ಉಪ್ಪು ಬೀಳತ್ತಾ? ಚಲೋ, ಬಂದು ನೋಡ್ತೀನಿ."

ಎರಡು ಮೆಟ್ರೋ ಹತ್ತಿಳಿದು ಸಂಜೆಗೆ ಬಂದಳು. ದಿನಚರಿಯಲ್ಲಿ 'ಅಕ್ಕ ಬಂದಳು' ಎಂದು ಬರೆದು, ಪಕ್ಕದಲ್ಲಿ ಒಂದು ಎಂದು ನಂಬರನ್ನೂ ಹಾಕಿದೆ. ಅನ್ನ, ಸೊಪ್ಪಿನ ಸಾರು, ಅವಳು ತಂದ ನಿಂಬೆ ಉಪ್ಪಿನಕಾಯಿ ಉಂಡೆವು. ಬಿಸಿಲಿನ ವಾಸನೆಯ ರಜಾಯಿ ಹೊದ್ದು ಅವಳೇ ಮೊದಲು ನಿದ್ದೆ ಹೋದಳು.